ಡೆಲ್ಬರ್ಟನ ಸಿಂಗಾರದ ಅಡ್ಡಬಿಲ್ಲು

ನನ್ನ ತಮ್ಮ ಡೆಲ್ಬರ್ಟನಿಗೆ ಇರುವುದು ಒಂದೇ ಕಣ್ಣು, ಬಲಗಣ್ಣು. ಎಡಗಣ್ಣನ್ನು ಮರ ಕೊಯ್ಯುವ ಮಿಲ್ಲಿನಲ್ಲಿ ಹಾರಿಬಂದ ಓಕ್ ಚಕ್ಕೆಯೊಂದು ಎಂದೋ ತೆಗೆದುಕೊಂಡು ಹೋಯಿತು. ಹೋದದ್ದು ಹೋಯಿತು, ಉಳಿದದ್ದನ್ನಾದರೂ ಜೋಪಾನ ಮಾಡಿಕೊಳ್ಳಬೇಕೋ ಬೇಡವೋ? ಅಷ್ಟು ಬುದ್ಧಿ ಅವನಿಗಿದ್ದಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವನ ಭುಜದ ಆಪರೇಷನ್ ಆಯಿತು. ಇನ್ನು ಬಿಲ್ಲು ಎಳೆಯುವ ಮಾತೇ ಬೇಡ ಎಂದರು ಡಾಕ್ಟರು. ನಮ್ಮ ವಿಂಟನ್ ಕೌಂಟಿಯಲ್ಲಿ ಇದು ಗಂಡಸಿಗೆ ಹೇಳುವಂಥ ಮಾತಲ್ಲ. ಮೀಸೆ ಬರುವ ಮೊದಲೇ ಬಿಲ್ಲು ಹಿಡಿದವನು ಅವನು. ಅಡ್ಡಬಿಲ್ಲು, ಅದೇ ಕ್ರಾಸ್‌ಬೋ, ಹಿಡಿದು ಬಂದವರನ್ನು ಕಂಡರೆ "ಬಂದೂಕಿಗೆ ದಾರ ಕಟ್ಕೊಂಡು ಬಂದ್ರು ನೋಡಿ" ಎಂದು ಆಡಿಕೊಂಡು ನಗುತ್ತಿದ್ದ. ಈಗ ಅವನಿಗೇ ಅದು ಗತಿಯಾಯಿತು. ಹೆದೆಯನ್ನು ಒಮ್ಮೆ ಎಳೆದು ಕೊಕ್ಕೆಗೆ ಸಿಕ್ಕಿಸಿಬಿಟ್ಟರೆ ಟ್ರಿಗರ್ ಒತ್ತುವ ತನಕ ಅದು ಅಲ್ಲೇ ಬಿಗಿದು ಕೂತಿರುತ್ತದೆ, ಭುಜಕ್ಕೆ ಕೆಲಸವಿಲ್ಲ. ಏಪ್ರಿಲ್‌ನಲ್ಲಿ ಒಂದು ಹಳೆಯ ಅಡ್ಡಬಿಲ್ಲನ್ನು ಕೊಂಡು, ಯಾರೂ ನೋಡದಿರಲಿ ಎಂದು ಕಂಬಳಿಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ತಂದ.

ನನ್ನ ಬಳಿ ತಂದದ್ದಕ್ಕೆ ಕಾರಣವಿದೆ. ರೈತರ ಸಾಮಾನಿನ ಅಂಗಡಿಯಲ್ಲಿ ಬಿಲ್ಲುಬಾಣದ ಕೌಂಟರ್ ನೋಡಿಕೊಂಡು ನಾನು ಕೂದಲು ಬೆಳ್ಳಗೆ ಮಾಡಿಕೊಂಡವಳು. ಹೆದೆ ಬದಲಿಸುವುದು, ದುರ್ಬೀನು ಕೂರಿಸುವುದು, ಬಾಣ ಕತ್ತರಿಸುವುದು, ಎಲ್ಲ ಈ ಕೈಯಲ್ಲೇ ಆಗಿದೆ. ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದೆ. "ಒಳ್ಳೇದೇ ಕಣೋ. ಹೆದೆ ಮಾತ್ರ ಹೊಸದು ಹಾಕು, ಸಾಕು," ಎಂದೆ.

ಸಾಕು ಎಂಬ ಮಾತು ಆ ಜನ್ಮಕ್ಕೆ ಗೊತ್ತಿದ್ದರೆ ತಾನೇ? ಹೆದೆ ಬಂತು. ಅದರ ಹಿಂದೆ ಹೊಸ ದುರ್ಬೀನು ಬಂತು. ಹೆದೆ ಎಳೆಯಲು ಕೈಯಿಂದ ತಿರುಗಿಸುವ ರಾಟೆ ಬಂತು. ಬೆರಳು ಹೆದೆಯ ದಾರಿಗೆ ಅಡ್ಡ ಬರದಂತೆ ತಡೆಯುವ ಮುಂಗೈ ಹಿಡಿ, ಕಾಲಿಟ್ಟು ಅದುಮಲು ಅಗಲವಾದ ಕಬ್ಬಿಣದ ಬಳೆ, ಸದ್ದು ಅಡಗಿಸುವ ರಬ್ಬರ್ ತುಂಡುಗಳು, ಎಲೆ ಬಣ್ಣದ ಸುತ್ತುಪಟ್ಟಿ, ಹೆಗಲಪಟ್ಟಿ. ಪಾರ್ಸೆಲ್ ವ್ಯಾನಿನವಳು ನಮ್ಮ ತಿರುವಿಗೆ ಬಂದೊಡನೆ ಹಾರ್ನ್ ಹೊಡೆದು, "ಮದುಮಗಳಿಗೆ ಇನ್ನೊಂದು ಒಡವೆ ಬಂತು," ಎನ್ನುತ್ತಿದ್ದಳು. ಬೇಸಿಗೆಯಿಡೀ ಅವನು ಹಳ್ಳದಾಚೆಯ ತನ್ನ ಟ್ರೈಲರ್ ಮನೆಗಿಂತ ನನ್ನ ಗ್ಯಾರೇಜಿನಲ್ಲೇ ಹೆಚ್ಚು ಇದ್ದ. ನಿಜ ಹೇಳುತ್ತೇನೆ, ನನಗೆ ಅದರಿಂದ ಸಂತೋಷವೇ ಆಗಿತ್ತು. ಆಪರೇಷನ್ ಆದ ಮೇಲೆ ಟೀವಿ ಮುಂದೆ ಗೋಣಿಚೀಲದ ಹಾಗೆ ಬಿದ್ದುಕೊಂಡಿದ್ದವನು ಎದ್ದು ಕೂತು ಸ್ಕ್ರೂ ತಿರುಗಿಸುತ್ತ ಶಿಳ್ಳೆ ಹಾಕುತ್ತಿದ್ದ. ಪ್ರತಿಯೊಂದನ್ನೂ ಅವನು ಕೂರಿಸುತ್ತಿದ್ದ, ನಾನು ಬೈಯುತ್ತ ಬಿಚ್ಚಿ ಸರಿಯಾಗಿ ಕೂರಿಸುತ್ತಿದ್ದೆ.

ಆಗಸ್ಟಿನಲ್ಲಿ ಹಿತ್ತಲಲ್ಲಿ ಹೊಡೆದು ನೋಡಿದೆವು. ಗುರಿ ಅಚ್ಚುಕಟ್ಟಾಗಿ ಕೂತಿತು. ಒಂದೇ ತೊಂದರೆ. ಬಾಣ ಅಷ್ಟು ವೇಗವಾಗಿ ಹೋಗುವಾಗ ಅವನ ಒಂಟಿ ಕಣ್ಣಿಗೆ ಅದು ಎಲ್ಲಿ ಬಿತ್ತೆಂದು ತಿಳಿಯುತ್ತಿರಲಿಲ್ಲ.

"ಜಿಂಕೆಗೆ ಬಿತ್ತೋ, ಅದರ ಹಿಂದಿನ ಮರಕ್ಕೆ ಬಿತ್ತೋ ಗೊತ್ತಾಗದೇ ಇದ್ರೆ ನಾನು ಹೊಡೆಯೋದೇ ಇಲ್ಲ ವಿಲ್ಲಾ," ಎಂದ. "ಗಾಯ ಆದ ಪ್ರಾಣೀನ ಕಾಡಲ್ಲಿ ಬಿಟ್ಟು ಬರೋಕೆ ನನ್ನ ಕೈಲಿ ಆಗಲ್ಲ."

"ಅದಕ್ಕೆ ಏನಾದ್ರೂ ಮಾಡೋಣ ಬಿಡು," ಎಂದೆ ನಾನು. ಅಂದವಳು ಚರ್ಚಿನ ಕೆಲಸದಲ್ಲಿ ಮರೆತೇಬಿಟ್ಟೆ. ಅವನು ಮರೆಯಲಿಲ್ಲ.

ಸೆಪ್ಟೆಂಬರ್ ಕೊನೆಯ ಶನಿವಾರ ಬಿಲ್ಲು ಬೇಟೆಯ ಮೊದಲ ದಿನ. ಬೆಳಕು ಹರಿಯುವ ಮೊದಲೇ ಡೆಲ್ಬರ್ಟ್ ನನ್ನ ಅಡುಗೆಮನೆಯಲ್ಲಿ ಹಾಜರಾದ. ನಾನು ಆ ದಿನ ಕಾಡಿಗೆ ಹೋಗುವವಳಲ್ಲ, ಚರ್ಚಿಗೆ ಸೇಬಿನ ಪೈ ಮಾಡಿಕೊಡುವುದಿತ್ತು. ಅವನಿಗೆ ಮೆತ್ತನೆಯ ಬನ್ನಿನಂಥ ಬಿಸ್ಕೆಟ್ಟಿಗೆ ಹಾಕಿಕೊಳ್ಳಲು ಸಾಸೇಜ್ ಗ್ರೇವಿ ಕದಡುತ್ತ ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಗ್ರೇವಿ ಕದಡುವಾಗ ಕೈ ಬಿಟ್ಟರೆ ಗಂಟಾಗುತ್ತದೆ. ಹಿಂದೆ ಮೇಜಿನ ಮೇಲೆ ಏನೋ ಟಿಕ್ ಟಿಕ್ ಎನ್ನುತ್ತಿತ್ತು.

"ಏನೋ ಅದು, ಇಲಿ ಕಡಿದ ಹಾಗೆ?"

"ಏನಿಲ್ಲ ಕಣೇ. ನೀನು ಗ್ರೇವಿ ನೋಡ್ಕೋ."

ತಿಂದ, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡ, ಬಿಲ್ಲನ್ನು ಹೆಗಲಿಗೇರಿಸಿದ. ಬಾಗಿಲಲ್ಲಿ ನಿಂತು ನನ್ನ ಕೆನ್ನೆಗೆ ಒಂದು ಮುತ್ತು ಬೇರೆ ಕೊಟ್ಟ. ಎಂದೂ ಕೊಡದವನು. "ಇವತ್ತು ಅವನು ಬಂದೇ ಬರ್ತಾನೆ," ಎಂದ. ಅವನು ಎಂದರೆ ಮೂರು ವರ್ಷದಿಂದ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಮಾತ್ರ ಸಿಗುತ್ತಿದ್ದ, ಒಂದು ಕೊಂಬು ವಕ್ರವಾಗಿದ್ದ ದೊಡ್ಡ ಗಂಡು ಜಿಂಕೆ.

ಅವನು ಹೋದ ಮೇಲೆ ನಾನು ಒಂದು ಕಾಫಿ ಕುಡಿದು, ಹಿಟ್ಟು ನಾದಿಟ್ಟು, ಆಮೇಲೆ ಮೇಜು ಒರೆಸಲು ಹೋದೆ. ಅವನ ತಟ್ಟೆಯ ಪಕ್ಕದ ಸಾಸರಿನಲ್ಲಿ ಉಗುರು ಕತ್ತರಿಸಿ ಹಾಕಿದಂತೆ ಏನೋ ಬಿದ್ದಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ನಾಕ್‌ಗಳು. ಬಾಣದ ಬುಡಕ್ಕೆ ಸಿಕ್ಕಿಸುವ, ಹೆದೆ ಬಂದು ತಳ್ಳುವ ಪುಟ್ಟ ಪ್ಲಾಸ್ಟಿಕ್ ತುಂಡುಗಳು ಅವು. ನಾನೇ ಕೈಯಾರೆ ಹಾಕಿದ್ದವು, ಅರ್ಧಚಂದ್ರದಂಥ ತೋಡು ಇರುವಂಥವು. ತಟ್ಟೆಯ ಕೆಳಗೆ ಹರಿದ ಪೊಟ್ಟಣವಿತ್ತು. ಹೊಡೆದೊಡನೆ ಹಸಿರು ದೀಪ ಹತ್ತಿಕೊಳ್ಳುವ ನಾಕ್‌ಗಳಂತೆ. ಬಾಣ ಎಲ್ಲಿ ಬಿದ್ದರೂ ಕಾಣುತ್ತದಂತೆ. ಪೊಟ್ಟಣದ ಚಿತ್ರ ನೋಡಿದೆ. ಅವುಗಳ ತಲೆ ಚಪ್ಪಟೆ.

ಸಾಸರಿನ ನಾಕ್‌ಗಳನ್ನೆಲ್ಲ ಅಂಗೈಗೆ ಸುರಿದುಕೊಂಡೆ.

ತೋಡು ಇದ್ದರೆ ಹೆದೆ ಅದರೊಳಗೆ ಕೂತು ಬಾಣವನ್ನು ತಳ್ಳುತ್ತದೆ. ಅವನ ಬಿಲ್ಲಿಗೆ ಅದೇ ಬೇಕು. ಚಪ್ಪಟೆ ತಲೆಯಾದರೆ ಹೆದೆ ಬಾಣದ ಮೇಲೋ ಕೆಳಗೋ ಜಾರಬಹುದು. ಜಾರಿದರೆ ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗುತ್ತದೆ. ನನ್ನ ಕೌಂಟರಿಗೆ ಒಬ್ಬ ಬಂದಿದ್ದ, ಕೆನ್ನೆಗೆ ಟವೆಲ್ ಒತ್ತಿಕೊಂಡು. ಬಿಲ್ಲಿನ ತೋಳು ಸೀಳಿ ಚೂರು ಹಾರಿ ಅವನ ದವಡೆ ಹರಿದಿತ್ತು. ಎರಡು ಬೆರಳಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಆ ಮನುಷ್ಯನಿಗೆ ಇನ್ನೊಂದು ಕಣ್ಣಾದರೂ ಇತ್ತು.

ಗುರಿ ಇಡುವಾಗ ಡೆಲ್ಬರ್ಟ್ ಬಿಲ್ಲಿಗೆ ಕೆನ್ನೆ ಆನಿಸಿ, ಇರುವ ಆ ಒಂದು ಕಣ್ಣನ್ನು ದುರ್ಬೀನಿಗೆ ಇಡುತ್ತಾನೆ.

ಫೋನು ಮಾಡಿದೆ. ಅಂಗಳದಲ್ಲೇ ಗಂಟೆ ಬಾರಿಸಿತು, ಲಾರಿಯಂಥ ತನ್ನ ಪಿಕಪ್ಪಿನಲ್ಲಿ ಬಿಟ್ಟು ಹೋಗಿದ್ದ. ಹಾಳಾದವನೇ ಎಂದು ಬೈದುಕೊಂಡು ಕೈಗೆ ಸಿಕ್ಕ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ನಾಕ್‌ಗಳನ್ನು ಅದರ ಜೇಬಿಗೆ ತುರುಕಿ, ಬಾಗಿಲ ಬಳಿಯ ಬೂಟುಗಳಿಗೆ ಕಾಲು ತೂರಿಸಿ ಹೊರಟೆ.

ಬೇಟೆಯ ಮೊದಲ ದಿನ ಬೆಳಗಿನ ಜಾವ ಕಾಡಿನೊಳಗೆ ನಡೆದು ಹೋಗುವುದೆಂದರೆ ನಮ್ಮ ಕಡೆ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ತಮಟೆ ಬಾರಿಸಿದ ಹಾಗೆ. ಪ್ರತಿಯೊಬ್ಬರೂ ಕತ್ತಲಲ್ಲೇ ತಂತಮ್ಮ ಮರದ ಅಟ್ಟಣೆ ಹತ್ತಿ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಮಧ್ಯೆ ಯಾರಾದರೂ ನಡೆದರೆ ಇಡೀ ದಿಬ್ಬದ ಜಿಂಕೆಗಳೆಲ್ಲ ಪಕ್ಕದ ಕೌಂಟಿ ಸೇರುತ್ತವೆ. ಹಾಗೆ ಮಾಡಿದವರ ಜೊತೆ ಮಾತು ಬಿಟ್ಟವರಿದ್ದಾರೆ. ಮಾಡಿದವರ ಹೆಸರನ್ನು ಮಕ್ಕಳ ಕಾಲಕ್ಕೂ ಹೇಳುತ್ತಾರೆ. ಹೇಳಲಿ ಎಂದುಕೊಂಡೆ. ಒಣಗಿದ ಎಲೆಯನ್ನು ತುಳಿದು ಸದ್ದು ಮಾಡುತ್ತಲೇ ದಿಬ್ಬ ಹತ್ತಿದೆ.

ದಿಬ್ಬದ ತಲೆಯ ಮೇಲೆ ಬೀಚ್ ಮರದಿಂದ ಪಿಸುದನಿ ಬಂತು. ನೆರೆಯ ಲೋವೆಲ್, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದ ಮನುಷ್ಯ. ಎತ್ತರದ ಅಟ್ಟಣೆಯಲ್ಲಿ ಗೂಬೆಯ ಹಾಗೆ ಕೂತಿದ್ದರು.

"ಆರ್ವಿಲ್ಲಾ? ತಲೆ ನೆಟ್ಟಗಿದೆಯೇನಮ್ಮಾ ನಿಂಗೆ?"

"ಇಲ್ಲ ಲೋವೆಲ್. ನಾಳೆ ಮನೆಗೆ ಬಂದು ಬೈಯಿರಿ, ಕಾಫಿ ಕೊಡ್ತೀನಿ. ಡೆಲ್ ಯಾವ ಅಟ್ಟಣೆ ಹತ್ತಿದ? ಹಳ್ಳದ್ದೋ, ಸೇಬಿನ ತೋಟದ್ದೋ?"

"ಸೇಬಿನ ತೋಟದ್ದು. ಯಾಕೆ, ಯಾರಾದ್ರೂ ಸತ್ರಾ?"

"ಇನ್ನೂ ಇಲ್ಲ."

ನನ್ನ ದನಿಯಲ್ಲಿ ಏನು ಕೇಳಿತೋ, ಅವರು ಪಿಸುಗುಡುವುದನ್ನು ಬಿಟ್ಟು ಗಟ್ಟಿಯಾಗಿಯೇ ಮಾತಾಡಿದರು. "ಹಾಗಾದ್ರೆ ಬೇಗ ಹೋಗು. ಆ ಸೊಟ್ಟ ಕೊಂಬಿನವನು ಈಗಷ್ಟೇ ನನ್ನ ಕೆಳಗೆ ದಾಟಿ ಅತ್ತ ಕಡೆನೇ ಇಳಿದ. ಎಲೆ ಅಡ್ಡ ಬಂತು, ನಂಗೆ ಹೊಡೆಯೋಕೆ ಆಗಲಿಲ್ಲ."

ಮೂರು ವರ್ಷ ಬಾರದ ಜಿಂಕೆಗೆ ಇವತ್ತೇ ಬರಬೇಕಿತ್ತೇ? ನಾನು ಓಡಿದೆ. ಅರವತ್ತು ದಾಟಿದ ಹೆಂಗಸಿನ ಓಟ ಹೇಗಿರುತ್ತದೆ ಎಂದು ಕೇಳಬೇಡಿ. ಮುಳ್ಳುಗಿಡ ಜಾಕೆಟ್ ಹಿಡಿದೆಳೆಯಿತು, ಒಂದು ಕಡೆ ಕುಂಡೆಯ ಮೇಲೆ ಜಾರಿಕೊಂಡೇ ಇಳಿದೆ. ದೇವರೇ, ಆ ಜಿಂಕೆ ದಾರಿಯಲ್ಲಿ ನಿಂತು ಏನಾದರೂ ಮೇಯಲಿ, ಇನ್ನೆರಡು ನಿಮಿಷ ಮೇಯಲಿ ಎಂದು ಬೇಡಿಕೊಂಡೆ.

ಪಾಳು ಬಿದ್ದ ಸೇಬಿನ ತೋಟದ ಅಂಚಿಗೆ ಬಂದಾಗ ಎರಡೂ ಒಟ್ಟಿಗೇ ಕಂಡವು. ಉದುರಿದ ಸೇಬಿಗೆ ಬಾಯಿ ಹಾಕಿ ಅಡ್ಡಲಾಗಿ ನಿಂತ ಆ ದೊಡ್ಡ ಜಿಂಕೆ. ಆಚೆಯ ಮರದ ಮೇಲೆ, ಬಿಲ್ಲಿಗೆ ಕೆನ್ನೆ ಆನಿಸಿ ಬಗ್ಗಿ ಕೂತ ನನ್ನ ತಮ್ಮ.

"ಡೆಲ್, ಹೊಡೀಬೇಡ!"

ಗಂಟಲು ಹರಿದು ಹೋಗುವಂತೆ ಕೂಗಿದ್ದೆ. ಜಿಂಕೆ ಬಾಲದ ಬಿಳುಪು ತೋರಿಸಿ ಎರಡೇ ನೆಗೆತಕ್ಕೆ ಮಾಯವಾಯಿತು. ಬಿಲ್ಲಿನಿಂದ ಸದ್ದು ಬರಲಿಲ್ಲ. ನಾನು ಮೊಣಕಾಲು ಹಿಡಿದುಕೊಂಡು ಅಲ್ಲೇ ಬಗ್ಗಿ ನಿಂತೆ.

ಡೆಲ್ಬರ್ಟ್ ಬಿಲ್ಲನ್ನು ನಿಧಾನವಾಗಿ ತೊಡೆಯ ಮೇಲಿಟ್ಟುಕೊಂಡ. ಜಿಂಕೆ ಹೋದ ದಿಕ್ಕನ್ನೇ ನೋಡಿದ. ಆಮೇಲೆ, "ಮುಗೀತಾ?" ಎಂದ.

"ಬಾಣ ತೆಗಿ."

"ಮೂರು ವರ್ಷ ಕಣೇ ವಿಲ್ಲಾ. ಬೆರಳು ಟ್ರಿಗರ್ ಮೇಲಿತ್ತು."

"ಮೊದಲು ಬಾಣ ತೆಗಿಯೋ ಮಾರಾಯಾ. ತೆಗೆದು ಕೆಳಗಿಳಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ಬೈಯುತ್ತಲೇ ಇಳಿದ. ಬಾಣ ತೆಗೆದು, ಬಿಲ್ಲನ್ನು ಹಗ್ಗದಲ್ಲಿ ಇಳಿಬಿಟ್ಟು, ಮೆಟ್ಟಿಲಿಗೊಂದು ಬೈಗುಳದಂತೆ ಇಳಿದ. ಅಕ್ಕ ಎಂದು ಸುಮ್ಮನಿದ್ದಾನಂತೆ, ಬೇರೆ ಯಾರಾದರೂ ಆಗಿದ್ದರೆ ಸೇಬಿನ ಮರಕ್ಕೆ ಕಟ್ಟಿಹಾಕುತ್ತಿದ್ದನಂತೆ. ನಾನು ಜೇಬಿನಿಂದ ಆ ಅರ್ಧಚಂದ್ರಗಳನ್ನು ತೆಗೆದು ಅಂಗೈ ಚಾಚಿದೆ.

"ಇದಕ್ಕಾ?" ಎಂದ. "ಈ ಚೂರು ಪ್ಲಾಸ್ಟಿಕ್ಕಿಗಾ ನನ್ನ ಜಿಂಕೆ ಓಡಿಸಿದ್ದು?"

"ಚಪ್ಪಟೆ ನಾಕು ಈ ಬಿಲ್ಲಿಗೆ ಆಗಲ್ಲ ಕಣೋ. ಹೆದೆ ಜಾರತ್ತೆ. ಬಿಲ್ಲು ಮುಖದ ಮೇಲೆ ಒಡೆಯತ್ತೆ."

"ಹೆದೆಗೆ ಸರಿಯಾಗೇ ಕೂತಿತ್ತು, ನಾನೇ ನೋಡಿದೀನಿ. ನಾನೇನು ಕುರುಡನಾ?"

"ಇನ್ನೂ ಅಲ್ಲ. ಆಗೋಕೆ ಹೊರಟಿದ್ದೆ."

ಅವನ ಮುಖ ಕಪ್ಪಿಟ್ಟಿತು. ಈ ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಆದರೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಹೊತ್ತಲ್ಲ ಅದು. "ತೋರಿಸು ಹಾಗಾದ್ರೆ," ಎಂದ ಹಲ್ಲು ಕಚ್ಚಿ. "ನೀನು ಹೇಳಿದ್ದು ಸುಳ್ಳಾದ್ರೆ ಇನ್ನು ಮೇಲೆ ನನ್ನ ಬಿಲ್ಲಿಗೆ ಕೈ ಹಾಕ್ಬೇಡ, ನನ್ನ ಬೇಟೆಗೂ ಬರಬೇಡ."

ಉರುಳಿಬಿದ್ದ ದಿಮ್ಮಿಯೊಂದಿತ್ತು. ಬಿಲ್ಲನ್ನು ಎದುರಿನ ಮಣ್ಣುದಿಬ್ಬಕ್ಕೆ ಮುಖ ಮಾಡಿ ಅದರ ಮೇಲೆ ಹಗ್ಗದಿಂದ ಬಿಗಿದೆವು. ತೆಗೆದಿದ್ದ ಬಾಣವನ್ನು ಮತ್ತೆ ಇಟ್ಟು, ಟ್ರಿಗರಿಗೆ ದಾರ ಕಟ್ಟಿ, ಅದರ ತುದಿ ಹಿಡಿದು ಹಿಂದಿನ ಓಕ್ ಮರದ ಮರೆಗೆ ಹೋದೆವು. ಡೆಲ್ಬರ್ಟ್ ದಾರ ಎಳೆದ.

ತಪ್ ಎಂದು ಸಣ್ಣ ಸದ್ದು. ಅಷ್ಟೆ. ಬಾಣ ಮಣ್ಣುದಿಬ್ಬದ ನಡುಮಧ್ಯೆ ಹೂತು ಕೂತಿತ್ತು. ಅದರ ಬುಡದಲ್ಲಿ ಹಸಿರು ದೀಪ, ಮಿಂಚುಹುಳದ ಹಾಗೆ, ಮುದ್ದಾಗಿ ಉರಿಯುತ್ತಿತ್ತು.

"ಚೆನ್ನಾಗಿದೆ ಅಲ್ವಾ?" ಎಂದ ಅವನು. "ನಂಗೂ ಕಾಣಿಸ್ತಾ ಇದೆ."

ನಾನು ಹೇಳಿದ್ದು ತಪ್ಪೇ? ಇವನ ಬೇಸಿಗೆಯ ಕನಸನ್ನೆಲ್ಲ ನಾನೇ ಕೂಗಿ ಓಡಿಸಿಬಿಟ್ಟೆನೇ? ತಪ್ಪಾದರೆ ಒಳ್ಳೆಯದೇ, ಅವನು ಕ್ಷೇಮವಾಗಿರುತ್ತಿದ್ದ ಎಂದು ಒಂದು ಮನಸ್ಸು ಹೇಳಿತು. ಆದರೆ ಟವೆಲ್ ಒತ್ತಿಕೊಂಡಿದ್ದ ಆ ಮನುಷ್ಯನೂ ನನಗೆ ಹೇಳಿದ್ದ, ಮೊದಲು ಎಷ್ಟೋ ಬಾಣ ಸರಿಯಾಗೇ ಹೋದವು ಎಂದು.

"ಇನ್ನೊಂದು ಹೊಡಿ."

"ಸಾಕು ಬಿಡೇ. ಸೋತೆ ಅನ್ನು, ಮುಗೀತು."

"ಇನ್ನೊಂದು ಹೊಡೆದುಬಿಡು ಡೆಲ್. ಅದೂ ಹೋದ್ರೆ ಊರೆಲ್ಲ ತಿರುಗಿ ನಾನು ಸೋತೆ ಅಂತ ನಾನೇ ಹೇಳ್ಕೊಂಡು ಬರ್ತೀನಿ."

ಗೊಣಗುತ್ತ ಹೋಗಿ ರಾಟೆ ತಿರುಗಿಸಿ ಹೆದೆ ಎಳೆದ, ಇನ್ನೊಂದು ಬಾಣ ಇಟ್ಟ. ಈ ಸಲ ಮರದ ಹಿಂದೆ ಬರಲಿಲ್ಲ. ಅದೇಕೆ ಅಷ್ಟೊಂದು ನಾಟಕ ಎನ್ನುವಂತೆ, ದಿಮ್ಮಿಯ ಪಕ್ಕದಲ್ಲೇ ನಿಂತು ದಾರ ಕೈಗೆ ಸುತ್ತಿಕೊಂಡ. ನಾನು ಹಿಂದಿನಿಂದ ಹೋಗಿ ಅವನ ಕೊರಳಪಟ್ಟಿ ಹಿಡಿದೆ. ಚಿಕ್ಕವನಿದ್ದಾಗ ಹಳ್ಳದಿಂದ ಎಳೆದು ತರುತ್ತಿದ್ದ ಹಾಗೆ ಎಳೆದುಕೊಂಡು ಮರದ ಹಿಂದಕ್ಕೆ ತಂದೆ. "ಬಿಡೇ, ಭುಜ, ಭುಜ," ಎಂದು ಕಿರುಚಿಕೊಂಡ. ಆ ಎಳೆದಾಟದಲ್ಲೇ ದಾರ ಬಿಗಿಯಾಯಿತು.

ಬಂದೂಕು ಹಾರಿದಂಥ ಸದ್ದು. ತಲೆಯ ಪಕ್ಕದಲ್ಲಿ ಓಕ್ ಮರದ ತೊಗಟೆ ಚಟ್ ಎಂದು ಸಿಡಿಯಿತು.

ನನ್ನ ಕೈ ಅವನ ಕೊರಳಪಟ್ಟಿಯಲ್ಲೇ ಇತ್ತು. ಕೊನೆಗೆ ಅವನೇ ಮೆಲ್ಲನೆ ಇಣುಕಿದ. ಬಿಲ್ಲಿನ ಒಂದು ತೋಳು ಬುಡದಿಂದಲೇ ಸೀಳಿ ಹೋಗಿತ್ತು. ಹೆದೆ ಹರಿದು ಹುಲ್ಲಿನ ಮೇಲೆ ಬಿದ್ದಿತ್ತು. ಬಾಣ ದಿಮ್ಮಿಯ ಮುಂದೆ, ಎಲ್ಲಿಗೂ ಹೋಗದೆ, ಬೆಂಕಿಕಡ್ಡಿಯ ಹಾಗೆ ಬಿದ್ದುಕೊಂಡಿತ್ತು. ಹೊಸ ದುರ್ಬೀನಿನ ಹಿಂಬದಿಯ ಗಾಜು, ಕಣ್ಣಿಡುವ ಕಡೆಯದು, ಪುಡಿಯಾಗಿತ್ತು. ತೋಳಿನ ಒಂದು ಚೂರು ನಮ್ಮ ಮರದ ಆಚೆ ಬದಿಗೆ, ಮನುಷ್ಯನ ಮುಖದ ಎತ್ತರಕ್ಕೆ, ಚಾಕುವಿನ ಹಾಗೆ ನಾಟಿಕೊಂಡಿತ್ತು.

ಡೆಲ್ಬರ್ಟ್ ಆ ಚೂರನ್ನು ಕೀಳಲು ಹೋದ. ಬರಲಿಲ್ಲ. ಆಮೇಲೆ ತನ್ನ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ನಿಂತ. ಕೈ ತೆಗೆದ. ಮತ್ತೆ ಇಟ್ಟುಕೊಂಡ. ಹಾಗೆಯೇ ಕುಸಿದು ಎಲೆಗಳ ಮೇಲೆ ಕೂತ.

"ಬೈಯೇ," ಎಂದ. "ಯಾಕೆ ಸುಮ್ನಿದೀಯ? ಬೈಯಿ."

ಹೇಳಿ ಕೇಳಿ ನಾನು. ಬೈಯಲು ಯಾರಾದರೂ ಹೇಳಬೇಕೇ? ಆದರೆ ಅವತ್ತು ಬೈಯಲಿಲ್ಲ. ಅವನ ಪಕ್ಕದಲ್ಲೇ ಕೂತೆ. ಹೋದ ಜೀವ ಬಂದಂತಾಗಿತ್ತು. ಸೇಬಿನ ಮರಗಳ ಮೇಲೆ ಬಿಸಿಲು ಬಂದಿತ್ತು, ಕಣಜಗಳು ಕೊಳೆತ ಸೇಬಿಗೆ ಮುತ್ತುತ್ತಿದ್ದವು, ಎಲ್ಲ ಮಾಮೂಲಿಯಾಗಿತ್ತು. ಇಷ್ಟು ಮಾಮೂಲಿಯಾದ ಬೆಳಗನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಸದ್ದು ಕೇಳಿ ಲೋವೆಲ್ ಏದುಸಿರು ಬಿಡುತ್ತ ಇಳಿದು ಬಂದರು. ದಿಮ್ಮಿಯ ಮೇಲಿನ ಬಿಲ್ಲು ನೋಡಿದರು, ಮರಕ್ಕೆ ನಾಟಿದ ಚೂರು ನೋಡಿದರು, ಡೆಲ್ಬರ್ಟನ ಮುಖ ನೋಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾಳೆ ಬಂದು ಬೈಯಿರಿ ಅಂದಿದ್ದೆ ನೀನು," ಎಂದರು ನನಗೆ.

"ಬನ್ನಿ. ಪೈನೂ ಇರತ್ತೆ."

"ಬೈಯೋದಿಲ್ಲ. ಪೈ ತಿನ್ನೋಕೆ ಬರ್ತೀನಿ."

ಡೆಲ್ಬರ್ಟ್ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದ. ತಲೆಯಿಂದ ಶುರುಮಾಡಿ ಮೆಲ್ಲಗೆ ಕೆಳಗೆ ನೋಡಿಕೊಂಡು ಬಂದು, ಕಾಲಿನ ಹತ್ತಿರ ನಿಲ್ಲಿಸಿದ.

"ವಿಲ್ಲಾ."

"ಏನೋ?"

"ಎರಡೂ ಎಡಗಾಲಿನ ಬೂಟು ಕಣೇ. ಒಂದು ನಿಂದು. ಒಂದು ಭಾವಂದು."

ಬಗ್ಗಿ ನೋಡಿದೆ. ಹೌದು. ಬಲಗಾಲಿಗೆ, ತೀರಿಹೋದ ನನ್ನ ಗಂಡನ ದೊಡ್ಡ ಕಂದು ಬೂಟು, ಅದೂ ಎಡಗಾಲಿನದು. ಆ ದಿಬ್ಬವನ್ನೆಲ್ಲ ಅದರಲ್ಲೇ ಹತ್ತಿ ಇಳಿದಿದ್ದೆ. ಆಗ ಬೆರಳುಗಳು ನೋಯತೊಡಗಿದವು.

"ಜಾಕೆಟ್ ಕೆಳಗೆ ನೈಟಿ," ಎಂದ. ತುಟಿ ನಡುಗುತ್ತಿತ್ತು, ನಗುವಿಗೋ ಅಳುವಿಗೋ ಗೊತ್ತಾಗಲಿಲ್ಲ. "ಅದರ ಮೇಲೆ ಕೋಳಿಮರಿ. ಹಳದಿ ಕೋಳಿಮರಿ."

ಬೇರೆ ದಿನವಾಗಿದ್ದರೆ ಅವನ ಕಿವಿ ಹಿಂಡುತ್ತಿದ್ದೆ. ಲೋವೆಲ್ ಬೇರೆ ಪಕ್ಕದಲ್ಲೇ ಇದ್ದರು, ಮರದ ಕೊಂಬೆ ನೋಡುವವರ ಹಾಗೆ ಮುಖ ಮೇಲೆ ಮಾಡಿಕೊಂಡು. ನಾನು ಮರ ಹಿಡಿದು ಎದ್ದು ನಿಂತೆ.

"ನೋಡು," ಎಂದೆ. "ಚೆನ್ನಾಗಿ ನೋಡ್ಕೋ."

"ತಿರುಗು," ಎಂದ. ತಿರುಗಿ ನಿಂತೆ.

"ಹಿಂದೆ ಹರಿದಿದೆ ಕಣೇ."

"ಅದನ್ನೂ ನೋಡು," ಎಂದೆ.